ಕುರಿಗಾಹಿಯ ಕಟ್ಟೆಗಳು

ಮಂಡ್ಯವೆಂದೊಡನೆ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಆದರೆ ಮದ್ದೂರು, ಮಳವಳ್ಳಿಗಳ ಕಡೆಯಂಚಿನ ರೈತನಿಗೆ ನಾಲೆಯ ನೀರೆಂಬುದು ಭಾಗ್ಯಕ್ಕಿಂತ ಹೆಚ್ಚಾಗಿ ನಿರೀಕ್ಷೆ. ಮೇಲಿನವನು ಸರದಿ ಮೀರಿ ತೂಬೆತ್ತಿದರೆ ಕೆಳಗಿನವನ ಪೈರು ಬಾಡುತ್ತದೆ. ಇದು ಕಳವೆಂದು ಎತ್ತಿದವನಿಗೆ ತೋರುವುದಿಲ್ಲ. ಹರಿಯುವ ನೀರಿಗೆ ಹೆಸರು ಬರೆದಿರುವುದಿಲ್ಲವಷ್ಟೆ!

ಇದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕಾಮೇಗೌಡರೆಂಬ ಕುರಿಗಾಹಿಯಿದ್ದರು. ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದಾಗ, ಅಲ್ಲಿನ ಮೃಗಪಕ್ಷಿಗಳಿಗೆ ಕುಡಿಯಲು ನೀರಿಲ್ಲದಿರುವುದನ್ನು ಕಂಡು ಅವರ ಮನ ಕರಗಿತು. ಕಟ್ಟೆ ತೋಡತೊಡಗಿದರು. ಒಂದಾದ ಮೇಲೊಂದು ಕಟ್ಟೆ ಎದ್ದಿತು. ಪ್ರಶಸ್ತಿಯೊಡನೆ ಬಂದ ಹಣವೂ ಆ ಕೆಲಸಕ್ಕೇ ಸಂದಿತು. 2020ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಅವರನ್ನು ಹೆಸರಿಸಿ, 16 ಕಟ್ಟೆಗಳೆಂದು ಕೊಂಡಾಡಿದರು. 2022ರ ಅಕ್ಟೋಬರ್‌ನಲ್ಲಿ ಗೌಡರು ಕಾಲವಾದರು.

ನೀರಿನ ಮಹತ್ತ್ವವನ್ನು ಬೋಧಿಸುವ ಉಪಾಧ್ಯಾಯರು ಮಕ್ಕಳನ್ನು, “ಕಟ್ಟೆಗಳೆಷ್ಟು?” ಎಂದು ಕೇಳಿ ಸುಮ್ಮನಾಗಬಾರದು, “ಯಾರಿಗಾಗಿ?” ಎಂದು ಕೇಳಬೇಕು. ಬೆಟ್ಟದ ನವಿಲು ಕೃತಜ್ಞತೆ ಹೇಳದು, ಮತವನ್ನೂ ನೀಡದು. ಅದರ ಬಾಯಾರಿಕೆಯನ್ನು ಅರಿತವನ ನೆನಪಾದರೆ, ನೆರೆಯವನ ಸರದಿಯ ನೀರಿಗೆ ಕೈಹಾಕುವವನ ಗುದ್ದಲಿಯು ಕ್ಷಣಕಾಲವಾದರೂ ತಡೆದೀತು. ಪಾಠವು ಅಲ್ಲಿಗೆ ಮುಟ್ಟಿದರೆ ಸಾಕು. ಪರೀಕ್ಷೆಯ ಅಂಕಗಳು ಹೇಗಾದರೂ ಬಂದಾವು.