ಪಟ್ಟಿಯಲ್ಲಿಲ್ಲದ ಅಕ್ಕ

ನಮ್ಮ ಪುಣೆ ಆಫೀಸಿನಲ್ಲಿ ಮೂರನೇ ಮಹಡಿಗೆ ಫೈರ್ ವಾರ್ಡನ್ ನಾನು. ಮೊನ್ನೆ ಫೈರ್ ಡ್ರಿಲ್ ಮುಗಿದು, ‘ಎಲ್ಲರೂ ಹೊರಬಂದರು’ ಎಂಬಲ್ಲಿ ಸಹಿ ಹಾಕಿ ಮೇಲೆ ಬಂದರೆ ಪ್ಯಾಂಟ್ರಿಯಲ್ಲಿ ಇಂಡಿ ಕಡೆಯ ಅಕ್ಕ ಕಪ್ ತೊಳೆಯುತ್ತಿದ್ದಾರೆ!

“ನೀವ್ಯಾಕೆ ಇಳಿಯಲಿಲ್ಲ ಅಕ್ಕ?”

“ಗಂಟಿ ನಿಮಗಷ್ಟ ಅಂತ ತಿಳ್ಕೊಂಡೆರಿ ಸರ್.”

ನನ್ನ ಪಟ್ಟಿ ಬಂದದ್ದು ಸ್ವೈಪ್ ಕಾರ್ಡ್ ಲೆಕ್ಕದಿಂದ, ಕಾಂಟ್ರಾಕ್ಟ್‌ನವರು ಅದರಲ್ಲಿಲ್ಲ. ಮುಂದಿನ ವಾರ ಐಎಸ್‌ಒ 45001 ಆಡಿಟ್ ಬೇರೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆಗೆಂದು 2018ರಲ್ಲಿ ಬಂದ ಈ ಮಾನದಂಡ ದಪ್ಪ ಕೈಪಿಡಿಯನ್ನೇನೂ ಕೇಳುವುದಿಲ್ಲ. ತುರ್ತು ಯೋಜನೆ ಬರಹದಲ್ಲಿರಬೇಕು, ಬೇಕಾದಾಗ ಬೇಕಾದಲ್ಲಿ ಸಿಗಬೇಕು. ಗುತ್ತಿಗೆಯವರೂ ಅದರ ಲೆಕ್ಕದಲ್ಲಿ ಕೆಲಸಗಾರರೇ. ನಮ್ಮ ಯೋಜನೆಯೋ ಇಂಗ್ಲಿಷಿನಲ್ಲಿ, ಶೇರ್‌ಪಾಯಿಂಟ್ ಒಳಗೆ ಭದ್ರ. ಅಕ್ಕನಿಗೆ ಲಾಗಿನ್ನೇ ಇಲ್ಲ.

“ಸಹಿ ಆಗಿದೆಯಲ್ಲ, ಬಿಡಿ” ಎಂದರು ಮ್ಯಾನೇಜರ್. ಆಡಿಟ್‌ಗೆ ಮುಂಚೆ ಎಲ್ಲರೂ ಹೇಳುವ ಮಾತು. ಹಿಂದೊಮ್ಮೆ ನಾನೂ ಹೇಳಿದ್ದೇನೆ. ಈ ಸಲ ಸಹಿಯ ಕೆಳಗೆ ‘ಒಬ್ಬರು ಒಳಗೇ ಉಳಿದಿದ್ದರು, ಪಟ್ಟಿಯಲ್ಲಿ ಹೆಸರಿರಲಿಲ್ಲ’ ಎಂದು ಬರೆದು ತಾರೀಖು ಹಾಕಿದೆ. ಆಡಿಟರ್ ಮೊದಲು ಅದನ್ನೇ ಹಿಡಿಯಬಹುದು, ಹಿಡಿಯಲಿ.

ಸೋಮವಾರ ಮತ್ತೆ ಡ್ರಿಲ್. ಹೌಸ್‌ಕೀಪಿಂಗ್‌ನವರಿಗೆ ಮರಾಠಿಯಲ್ಲಿ, ಅಕ್ಕನಿಗೆ ಕನ್ನಡದಲ್ಲಿ ಮೊದಲೇ ಹೇಳಿಡುವ ಕೆಲಸ ನನ್ನದು.