ಮಂಗಾ ಓದುವವರನ್ನು ಆಡಿಕೊಳ್ಳುವ ಮುನ್ನ

‘ಮಂಗಾ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಮೈಸೂರಿನ ಹಿರಿಯರ ಬಾಯಲ್ಲಿ ಒಂದು ಜೋಕು ಸಿದ್ಧವಿರುತ್ತದೆ. ‘ಮಂಗನ ಪುಸ್ತಕವೇನಪ್ಪಾ?’ ಅಂತಾರೆ. ಜೋಕು ಮುಗಿದ ಮೇಲೆ ಉಪದೇಶ ಶುರು. ಡಿಗ್ರಿ ಓದೋ ಮಕ್ಕಳು ಬೊಂಬೆ ಪುಸ್ತಕ ಹಿಡ್ಕೊಂಡು ಕೂತಿದ್ದಾರೆ, ಅದೂ ಲವ್ ಸ್ಟೋರಿ, ಅದೂ ಜಪಾನಿನದು, ಕುವೆಂಪು ಓದೋಕೆ ಇವರಿಗೇನು ಕಷ್ಟ? ಈ ಮಾತನ್ನು ನಾವು ಸಾಹಿತ್ಯ ಸಭೆಗಳ ವರದಿಗೆ ಹೋದಾಗ ಕೇಳಿದ್ದೇವೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದೇವೆ, ಟೀ ಅಂಗಡಿ ಮುಂದೆಯೂ ಕೇಳಿದ್ದೇವೆ. ಉತ್ತರ ಕೊಡುವವರು ಕಡಿಮೆ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇವೆ, ನಾವೂ ಮಂಗಾ ಓದುತ್ತೇವೆ. ಮೂವತ್ತು ದಾಟಿದ ಸ್ಟ್ರಿಂಗರ್‌ಗಳು ನಾವು. ಹನ್ನೊಂದಕ್ಕೆ ಕರೆದ ಸಭೆ ಒಂದಕ್ಕೆ ಶುರುವಾಗುವ ಊರಿನಲ್ಲಿ ಮೊಬೈಲಿನಲ್ಲಿ ಎರಡು ಅಧ್ಯಾಯ ಓದಿ ಮುಗಿಸುವುದು ಕಷ್ಟವೇನಲ್ಲ. ಕತ್ತಿ, ರಾಕ್ಷಸ, ರೋಬೋಟುಗಳ ಕಥೆ ನಮಗೆ ಅಷ್ಟಕ್ಕಷ್ಟೆ. ನಮಗಿಷ್ಟ ಶಾಲೆ, ಸ್ನೇಹ, ಪ್ರೀತಿ, ಮನೆ, ಊಟ, ಮಳೆ ಇಷ್ಟರಲ್ಲೇ ಸುತ್ತುವ ಕಥೆಗಳು. ಏನೂ ‘ಆಗದ’ ಕಥೆಗಳು ಅಂತ ಬೇಕಾದರೆ ಕರೆಯಿರಿ. ಕಿಯೊಹಿಕೊ ಅಜುಮಾ ಬರೆದ ‘ಯೊತ್ಸುಬಾ’ದಲ್ಲಿ ಐದು ವರ್ಷದ ಪುಟ್ಟಿಯೊಬ್ಬಳು ಹೊಸ ಮನೆಗೆ ಬರುತ್ತಾಳೆ, ಪಕ್ಕದ ಮನೆಯವರ ಸ್ನೇಹವಾಗುತ್ತದೆ, ದಿನ ಕಳೆಯುತ್ತದೆ. ಅಷ್ಟೇ. 2003ರಿಂದ ಓದುಗರು ಅವಳ ಜೊತೆ ಹೀಗೆಯೇ ದಿನ ಕಳೆಯುತ್ತಿದ್ದಾರೆ.

ಇದನ್ನು ಹೊಸ ಹುಚ್ಚು ಅನ್ನುವವರು ಇತಿಹಾಸ ನೋಡಲಿ. 1946ರಲ್ಲಿ ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನ ಫುಕುವೊಕಾ ಊರಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಮಚಿಕೊ ಹಸೆಗಾವಾ ಎಂಬ ಯುವತಿ ‘ಸಜಾಏ ಸಾನ್’ ಎಂಬ ನಾಲ್ಕು ಚೌಕದ ಚಿತ್ರಕಥೆ ಶುರು ಮಾಡಿದರು. ಒಂದು ಸಾಮಾನ್ಯ ಕುಟುಂಬ, ಅದರ ಗಡಿಬಿಡಿಯ ಮಗಳು, ದಿನನಿತ್ಯದ ಪಾಡು. ಮುಂದೆ ಅದು ಅಸಾಹಿ ಶಿಂಬುನ್ ಎಂಬ ದೊಡ್ಡ ಪತ್ರಿಕೆಗೆ ಹೋಗಿ 1974ರವರೆಗೆ ನಡೆಯಿತು. 1969ರಲ್ಲಿ ಶುರುವಾದ ಅದರ ಟಿವಿ ಸರಣಿ ದಶಕಗಟ್ಟಲೆ ಓಡಿತು. ದೊಡ್ಡ ರಾಜಧಾನಿಯ ದೊಡ್ಡ ಪ್ರಕಾಶಕರಿಂದ ಶುರುವಾದದ್ದಲ್ಲ ಇದು. ನಾವು ನೀವು ಕೆಲಸ ಮಾಡುವಂಥ ಜಿಲ್ಲಾ ಮಟ್ಟದ ಪತ್ರಿಕೆಯ ಮೂಲೆಯೊಂದರಿಂದ ಎದ್ದು ಬಂದದ್ದು.

ಈಗ ಮೈಸೂರಿಗೆ ಬನ್ನಿ. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು ಉಳಿಸಿಕೊಂಡು 2016ರಲ್ಲಿ ಸ್ಮಾರಕ ಮಾಡಿದ್ದೇವೆ. ಒಳ್ಳೆಯ ಕೆಲಸ. ಆದರೆ 1935ರಲ್ಲಿ ಪ್ರಕಟವಾದ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಇರುವುದೇನು? ಸ್ಕೂಲಿಗೆ ಹೋಗಲು ಬೇಸರಪಡುವ ಹುಡುಗ, ಗೆಳೆಯರ ಮುನಿಸು, ಪರೀಕ್ಷೆ, ಕ್ರಿಕೆಟ್ ಟೀಮು. ಜಪಾನಿನವರು ದಿನನಿತ್ಯದ ಕಥೆ ಎಂದು ಕರೆಯುವುದು ಇದನ್ನೇ. ತಮ್ಮ ಆರ್.ಕೆ. ಲಕ್ಷ್ಮಣ್ ರಾಶಿಯವರ ‘ಕೊರವಂಜಿ’ಗೆ ಗೆರೆ ಎಳೆದವರು, ಅಣ್ಣನ ಕಥೆಗಳಿಗೆ ಚಿತ್ರ ಬರೆದವರು. ಪಠ್ಯ ಮತ್ತು ಗೆರೆ ಒಂದೇ ಮನೆಯಲ್ಲಿ ಹುಟ್ಟಿದ ಊರು ಇದು. ಈ ಊರಿನಲ್ಲೇ ನಿಂತು ಚಿತ್ರ ಇರುವ ಪುಸ್ತಕ ಮಕ್ಕಳಾಟ ಅನ್ನುವುದು ಹೇಗೆ?

ತ್ರಿವೇಣಿಯವರ ವಿಷಯಕ್ಕೆ ಬರೋಣ. 1963ರಲ್ಲಿ ಇದೇ ಮೈಸೂರಿನಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟ ತ್ರಿವೇಣಿ ಪ್ರೀತಿ, ಮದುವೆ, ಬಾಣಂತಿತನ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದರು. ‘ಶರಪಂಜರ’, ‘ಬೆಳ್ಳಿಮೋಡ’ ಓದದ ಅಮ್ಮಂದಿರೇ ಆ ಕಾಲದಲ್ಲಿ ಅಪರೂಪ. ಇಂಥ ಬರಹಗಳಿಗೆ ಅಂದಿನ ಪಂಡಿತರು ಕೊಟ್ಟ ಹೆಸರು ‘ಅಡುಗೆಮನೆ ಸಾಹಿತ್ಯ’. ಓದುವ ಹೆಂಗಸರನ್ನು ಕಾದಂಬರಿ ಹುಚ್ಚು ಹಿಡಿದವರು ಎಂದು ಆಡಿಕೊಂಡರು. ಬಾಣಂತಿಯ ಮನಸ್ಸು ಕೆಟ್ಟರೆ ಅದು ಕಾಯಿಲೆ, ಗುಣವಾದ ಮೇಲೂ ಅವಳನ್ನು ಹುಚ್ಚಿ ಎಂದೇ ನೋಡುವ ಸಮಾಜದ್ದೇ ತಪ್ಪು ಎಂದು ಸಾವಿರಾರು ಮನೆಗಳಿಗೆ ತಿಳಿಸಿದ್ದು ಆ ಅಡುಗೆಮನೆ ಸಾಹಿತ್ಯವೇ. ಇವತ್ತು ಮಂಗಾ ಓದುವ ಹುಡುಗಿಗೆ ಬೀಳುವ ಕುಹಕ ಅವತ್ತು ಅವಳ ಅಜ್ಜಿಗೆ ಬಿದ್ದ ಕುಹಕವೇ. ಆಡುವ ಬಾಯಿ ಬದಲಾಗಿದೆ, ಮಾತು ಬದಲಾಗಿಲ್ಲ.

ಇಷ್ಟಕ್ಕೂ ಪ್ರೀತಿ, ಸ್ನೇಹದ ಬಗ್ಗೆ ನಮ್ಮ ಯುವಕರಿಗೆ ಬೇರೆಲ್ಲಿ ಏನು ಸಿಗುತ್ತಿದೆ? ಪತ್ರಿಕೆಯ ಪುಟ ತೆಗೆಯಿರಿ. ಪ್ರೀತಿ ಎಂಬ ಪದ ಬರುವುದು ಕ್ರೈಂ ಕಾಲಂನಲ್ಲಿ. ಪ್ರೇಮಿಗಳು ಪರಾರಿ, ಪ್ರೀತಿ ನಿರಾಕರಿಸಿದ್ದಕ್ಕೆ ಹಲ್ಲೆ, ಪ್ರೇಮ ವೈಫಲ್ಯಕ್ಕೆ ನೇಣು. ಎಫ್‌ಐಆರ್ ಆಗದ ಪ್ರೀತಿಗೆ ಅಲ್ಲಿ ಜಾಗವಿಲ್ಲ. ಸಿನಿಮಾಕ್ಕೆ ಹೋದರೆ, ಬೇಡ ಎಂದ ಹುಡುಗಿಯ ಬೆನ್ನು ಬಿದ್ದು ಮೂರನೇ ಹಾಡಿಗೆ ಅವಳನ್ನು ಒಲಿಸಿಕೊಳ್ಳುವವನೇ ಹೀರೋ. ಇನ್ನು ಊರಿನ ಆಡಳಿತ? 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಅವರು ಅಲ್ಲಿಗೆ ಹೋಗಬಾರದಿತ್ತು ಎಂಬ ಮಾತು ಅಂದಿನ ಗೃಹ ಸಚಿವರಿಂದಲೇ ಬಂತು. ಮೈಸೂರು ವಿಶ್ವವಿದ್ಯಾಲಯ ಸಂಜೆ 6.30ರ ನಂತರ ವಿದ್ಯಾರ್ಥಿನಿಯರ ಓಡಾಟಕ್ಕೆ ಕಡಿವಾಣ ಹಾಕುವ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಹುಡುಗ ಹುಡುಗಿ ಜೊತೆಗೆ ಕೂತು ಮಾತಾಡಿದರೆ ಅಪಾಯ ಎಂಬುದಷ್ಟೇ ನಾವು ಅವರಿಗೆ ಕಲಿಸಿರುವ ಪಾಠ.

ಇದಕ್ಕೆ ಎದುರಾಗಿ ಕರುಹೊ ಶೀನಾ ಅವರ ‘ಕಿಮಿ ನಿ ತೊದೊಕೆ’ ಇಟ್ಟು ನೋಡಿ. ಸವಾಕೊ ಎಂಬ ಹುಡುಗಿಯ ಉದ್ದ ಕೂದಲು, ಮೌನ ನೋಡಿ ಕ್ಲಾಸಿನವರು ಅವಳಿಗೆ ಸಿನಿಮಾ ದೆವ್ವದ ಹೆಸರಿಟ್ಟಿದ್ದಾರೆ. ಒಬ್ಬ ಹುಡುಗ ಅವಳ ಜೊತೆ ಸಹಜವಾಗಿ ಮಾತಾಡುತ್ತಾನೆ, ಇಬ್ಬರು ಹುಡುಗಿಯರು ಗೆಳತಿಯರಾಗುತ್ತಾರೆ. ಆ ಗೆಳತಿಯರ ಮೇಲೆ ಗಾಳಿಸುದ್ದಿ ಹಬ್ಬಿದಾಗ ಅದುವರೆಗೆ ತಲೆ ತಗ್ಗಿಸಿಕೊಂಡಿದ್ದ ಸವಾಕೊ ಎದುರು ನಿಂತು ಮಾತಾಡುತ್ತಾಳೆ. ಅವಳೂ ಆ ಹುಡುಗನೂ ಮನಸ್ಸಿನ ಮಾತು ಹೇಳಿಕೊಳ್ಳುವಷ್ಟರಲ್ಲಿ ಹಲವು ಸಂಪುಟಗಳೇ ಮುಗಿದಿರುತ್ತವೆ. ಅಲ್ಲಿವರೆಗೆ ಅವರು ಮಾಡುವುದೇನು? ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತಾರೆ, ತಪ್ಪು ತಿಳಿಯುತ್ತಾರೆ, ಕಾಯುತ್ತಾರೆ, ಮತ್ತೆ ಕೇಳುತ್ತಾರೆ. ನಮ್ಮ ಯಾವ ಕಾಲೇಜಿನ ಯಾವ ಸಿಲಬಸ್ಸಿನಲ್ಲಿ ಇದು ಇದೆ, ತೋರಿಸಿ.

ಇನ್ನೊಂದು ಉದಾಹರಣೆ ನಮ್ಮೂರಿಗೆ ಇನ್ನೂ ಹತ್ತಿರದ್ದು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳನ್ನು ಕರೆದುಕೊಂಡು ದೂರದ ಊರುಗಳಿಂದ ಬರುವ ತಂದೆ ತಾಯಂದಿರನ್ನು ಮೈಸೂರಿನವರೆಲ್ಲ ನೋಡಿದ್ದಾರೆ. ಕಿವಿಗೆ ಯಂತ್ರ ಹಾಕಿಸಿಕೊಂಡು ವಾಪಸ್ ಹೋದ ಮಗು ಸ್ಕೂಲಿನಲ್ಲಿ ಹೇಗಿರುತ್ತದೆ? ಬೆಂಚಿನ ಪಕ್ಕದ ಹುಡುಗ ಅದನ್ನು ಹೇಗೆ ನೋಡುತ್ತಾನೆ? ಯೊಶಿತೊಕಿ ಒಇಮಾ 2013–14ರಲ್ಲಿ ಧಾರಾವಾಹಿಯಾಗಿ ಬರೆದು ಏಳು ಸಂಪುಟಗಳಲ್ಲಿ ಬಂದ ‘ಕೊಏ ನೊ ಕತಾಚಿ’ ಇದನ್ನೇ ಕೇಳುತ್ತದೆ. ಕಿವಿ ಕೇಳದ ಶೋಕೊ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಾಳೆ. ಕ್ಲಾಸಿನ ಹುಡುಗ ಶೋಯಾ ಅವಳ ಕಿವಿಯ ಯಂತ್ರ ಕಿತ್ತು ಹಾಳು ಮಾಡುತ್ತಾನೆ. ವಿಷಯ ಹೊರಬಿದ್ದಾಗ, ಜೊತೆಗೆ ನಕ್ಕವರೆಲ್ಲ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುತ್ತಾರೆ. ವರ್ಷಗಳ ನಂತರ ಅವನು ಸನ್ನೆ ಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಇದನ್ನು ಓದಿದ ಹತ್ತನೇ ಕ್ಲಾಸಿನ ಹುಡುಗ ಕಿವಿಯ ಯಂತ್ರ ಹಾಕಿದ ಸಹಪಾಠಿಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಇದು ಬೊಂಬೆ ಪುಸ್ತಕವೇ? ಆಗಲಿ, ಇಂಥ ಬೊಂಬೆ ಪುಸ್ತಕ ನಮಗೆ ಇನ್ನಷ್ಟು ಬೇಕು.

ಆಕ್ಷೇಪಗಳು ಇವೆ, ಗೊತ್ತು. ಮಂಗಾದಲ್ಲಿ ಕೆಟ್ಟದ್ದೂ ಇದೆ ಎನ್ನುತ್ತೀರಿ. ಇದೆ. ರಕ್ತಪಾತ ಇದೆ, ಹೆಣ್ಣನ್ನು ಕೀಳಾಗಿ ತೋರಿಸುವಂಥದ್ದೂ ಇದೆ. ಕನ್ನಡ ಸಿನಿಮಾದಲ್ಲಿ ಇಲ್ಲವೇ? ಹಾಗಂತ ಥಿಯೇಟರ್ ಮುಚ್ಚಿಸಲಿಲ್ಲ. ವಯಸ್ಸಿಗೆ ತಕ್ಕದ್ದನ್ನು ಆರಿಸಿಕೊಡುವುದು ಹಿರಿಯರ ಕೆಲಸ, ಆರಿಸಬೇಕಾದರೆ ಮೊದಲು ಓದಬೇಕು. ಪರದೇಶದ್ದು ಎನ್ನುತ್ತೀರಿ. ‘ತೊತ್ತೊ-ಚಾನ್’ ಯಾವ ದೇಶದ್ದು? ಅದೂ ಜಪಾನಿನ ಶಾಲೆ, ಸ್ನೇಹ, ಮಕ್ಕಳ ದಿನಚರಿಯೇ. ಕನ್ನಡಕ್ಕೆ ಬಂತು, ಮೇಷ್ಟ್ರುಗಳು ಮಕ್ಕಳ ಕೈಗೆ ಕೊಟ್ಟು ಓದಿಸಿದರು. ಅಕ್ಷರದಲ್ಲಿ ಬಂದರೆ ಶಿಕ್ಷಣ, ಗೆರೆಯಲ್ಲಿ ಬಂದರೆ ಚಟ, ಇದು ಯಾವ ನ್ಯಾಯ?

ಮಂಗಾ ವಿಚಾರದಲ್ಲಿ ಸಿಟ್ಟು ಬರಬೇಕಾದ ಸಂಗತಿ ಬೇರೆಯೇ ಇದೆ. ಈ ಪುಸ್ತಕಗಳು ನಮ್ಮ ಅಂಗಡಿಗಳಲ್ಲಿ ಸಿಗುವುದು ಇಂಗ್ಲಿಷಿನಲ್ಲಿ. ಒಂದು ಸಂಪುಟಕ್ಕೆ ಸುಮಾರು 400ರಿಂದ 500 ರೂಪಾಯಿ. ಸರಸ್ವತಿಪುರಂನ ಇಂಗ್ಲಿಷ್ ಮೀಡಿಯಂ ಹುಡುಗಿ ಓದುತ್ತಾಳೆ. ಎಚ್.ಡಿ. ಕೋಟೆಯಿಂದ ಬಂದು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿನಲ್ಲಿರುವ ಅವಳ ವಯಸ್ಸಿನವಳು ಓದಲಾರಳು. ಸುಧಾ, ತರಂಗ, ಪ್ರಜಾಮತದ ಧಾರಾವಾಹಿಗೆ ವಾರವಿಡೀ ಕಾದ ತಲೆಮಾರಿನಲ್ಲಿ ಹಳ್ಳಿಯವಳೂ ಪೇಟೆಯವಳೂ ಒಂದೇ ಕಥೆ ಓದುತ್ತಿದ್ದರು. ಬಾಲಮಂಗಳದ ಡಿಂಗ ಎಲ್ಲ ಮಕ್ಕಳಿಗೂ ಡಿಂಗನೇ ಆಗಿದ್ದ. ಈಗ ಕಥೆಗೂ ಮೀಡಿಯಂ ಬಂದಿದೆ. ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಮಗೆ ಇದು ಚುಚ್ಚುತ್ತದೆ, ಚುಚ್ಚಲೇಬೇಕು.

ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರು ಶಿವಕಾಶಿ ಕಡೆ ನೋಡಲಿ. ಮೈಸೂರಿಗಿಂತ ಎಷ್ಟೋ ಚಿಕ್ಕ ಊರು. ಅಲ್ಲಿ 1972ರಲ್ಲಿ ಮುತ್ತು ಕಾಮಿಕ್ಸ್, 1984ರಲ್ಲಿ ಲಯನ್ ಕಾಮಿಕ್ಸ್ ಶುರುವಾದವು. ಯುರೋಪಿನ ಚಿತ್ರಕಥೆಗಳನ್ನು ಹಕ್ಕು ಪಡೆದು ತಮಿಳಿನಲ್ಲಿ ಮುದ್ರಿಸಿದ್ದಕ್ಕೆ ಅಲ್ಲೊಂದು ಓದುಗ ಬಳಗವೇ ಬೆಳೆಯಿತು. ಮೈಸೂರಿನಲ್ಲಿ ಏನು ಕೊರತೆ? ಗೆರೆ ಕಲಿತ ಹುಡುಗ ಹುಡುಗಿಯರು ಕಾವಾದಿಂದ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಿಂದ ಪ್ರತಿ ವರ್ಷ ಹೊರಬರುತ್ತಾರೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಇದೆ. ಪ್ರಸಾರಾಂಗ ಇದೆ, ಪ್ರಕಾಶಕರಿದ್ದಾರೆ, ಮುದ್ರಣಾಲಯಗಳಿವೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವವರು ಇಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪತ್ರಿಕೆಗಳ ಸಾಪ್ತಾಹಿಕ ಪುರವಣಿಯಲ್ಲಿ ಅರ್ಧ ಪುಟವನ್ನು ಊರಿನ ಹೊಸ ಕಲಾವಿದರ ದಿನನಿತ್ಯದ ಚಿತ್ರಕಥೆಗೆ ಬಿಡಿ. ಸಂಭಾವನೆ ಕೊಡಿ, ಪುಕ್ಕಟೆ ಬೇಡ. ನಗರ ಕೇಂದ್ರ ಗ್ರಂಥಾಲಯದಲ್ಲಿ ಚಿತ್ರಕಥೆಗಳಿಗೆ ಒಂದು ಕಪಾಟು ಇಡಿ. ಪ್ರಕಾಶಕರು ಒಂದೇ ಒಂದು ಸರಣಿಯ ಹಕ್ಕು ಕೇಳಿ ಕನ್ನಡಕ್ಕೆ ತನ್ನಿ, ‘ಕೊಏ ನೊ ಕತಾಚಿ’ಯಿಂದಲೇ ಶುರುವಾಗಲಿ. ಮಾನಸಗಂಗೋತ್ರಿಯ ಗೇಟಿನ ಎದುರೇ ಮಾರಾಟವಾಗುತ್ತದೆ, ಬೇಕಾದರೆ ನಾವೇ ಹೊತ್ತು ಮಾರುತ್ತೇವೆ.

ಅದಾಗುವವರೆಗೆ ‘ಮಂಗನ ಪುಸ್ತಕ’ದ ಜೋಕು ನಿಲ್ಲಿಸಿ. ನಮ್ಮ ಮಕ್ಕಳು ಜಪಾನಿನ ಹುಡುಗಿಯೊಬ್ಬಳ ಸ್ನೇಹದ ಕಥೆ ಓದಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಅವರಿಗೆ ಅಂಥ ಕಥೆ ಕನ್ನಡದಲ್ಲಿ ಯಾರೂ ಕೊಟ್ಟಿಲ್ಲ ಎಂದೇ ಅರ್ಥ. ಬರೆಯಬೇಕಾದವರು, ಅಚ್ಚು ಹಾಕಬೇಕಾದವರು ಅದನ್ನು ಕೊಟ್ಟು ಆಮೇಲೆ ಉಪದೇಶಕ್ಕೆ ಬರಲಿ.