ನಾಲ್ಕು ಬೆರಳಿನ ಗ್ಯಾಪು

ನಮ್ಮ ಮೆಕ್ಯಾನಿಕಲ್ ಬ್ಲಾಕ್ ಹಿಂದಿನ ಪಾರ್ಕಿಂಗಿಗೆ ಯಾವುದಾದರೂ ಕಾರು ಬಂದು ನಿಂತರೆ ಸಾಕು, ಒಬ್ಬ ಹೋಗಿ ಟೈರಿಗೂ ಫೆಂಡರಿಗೂ ನಡುವೆ ಕೈ ತೂರಿಸುತ್ತಾನೆ. "ನಾಲ್ಕು ಬೆರಳು ಗ್ಯಾಪ್ ಮಗಾ, ಟ್ರ್ಯಾಕ್ಟರ್ ಥರ ಕಾಣುತ್ತೆ" ಅಂತ ತೀರ್ಪು ಬರುತ್ತೆ. ಎರಡು ಬೆರಳಿಗೆ ಇಳಿಸಿದರೆ ಮರ್ಯಾದೆ, ಒಂದಕ್ಕೆ ಇಳಿಸಿದರೆ ರೀಲ್ಸ್. ನಾನೂ ಹಾಗೆ ಬೆರಳು ಹಾಕಿ ಅಳೆದವನೇ. ಹೋದ ವರ್ಷ ಅಪ್ಪನ ಹಳೇ ಹ್ಯಾಚ್‌ಬ್ಯಾಕಿನ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿ ಹಾಕಿಸಿದವನೂ ನಾನೇ. ಆದ್ದರಿಂದ ಇದನ್ನು ತಪ್ಪೊಪ್ಪಿಗೆ ಅಂದುಕೊಂಡೇ ಓದಿ.

ಎರಡು ವಾರ ಚೆನ್ನಾಗಿಯೇ ಮೆರೆದೆ. ಆಮೇಲೊಂದು ದಿನ ಅಜ್ಜಿಯನ್ನು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೊರಟ್ವಿ. ಕಾರಲ್ಲಿ ಐದು ಜನ. ಊರಾಚೆ ಹಂಪಿನಲ್ಲಿ ಮುಂದಿನ ಚಕ್ರ ದಾಟಿತು, ಹೊಟ್ಟೆ ಕರ್ರ್ ಅಂತ ಉಜ್ಜಿತು. ಇಳಿದು ನೋಡಿದರೆ ಸಂಪು ಒಡೆದು ಆಯಿಲ್ ಸುರೀತಿದೆ. ಅಜ್ಜಿ ಸೊಂಟ ಹಿಡ್ಕೊಂಡು, "ಇದಕ್ಕಿಂತ ಎತ್ತಿನ ಗಾಡಿನೇ ವಾಸಿ ಕಣೋ" ಅಂದರು. ಅಪ್ಪ ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿದ್ದು.

ನನ್ನ ತಪ್ಪು ಎಲ್ಲಿತ್ತು ಅಂದರೆ, ಅಲ್ಲಿ ಎರಡು ಅಳತೆಗಳಿವೆ ಅನ್ನೋದನ್ನೇ ಮರೆತಿದ್ದೆ. ಟೈರಿನ ಮೇಲಿಂದ ಫೆಂಡರಿನವರೆಗೆ ಒಂದು, ಅದು ವೀಲ್ ಗ್ಯಾಪ್. ರಸ್ತೆಯಿಂದ ಕಾರಿನ ಹೊಟ್ಟೆಯವರೆಗೆ ಇನ್ನೊಂದು, ಅದು ಗ್ರೌಂಡ್ ಕ್ಲಿಯರೆನ್ಸ್. ಸ್ಪ್ರಿಂಗ್ ಕತ್ತರಿಸಿದರೆ ಬಾಡಿ ಕೆಳಗೆ ಬರುತ್ತೆ, ಎರಡೂ ಅಷ್ಟಷ್ಟೇ ಕಮ್ಮಿ ಆಗುತ್ತವೆ. ಚಂದಕ್ಕೆ ಒಂದು ಬೇಕಿತ್ತು, ಇನ್ನೊಂದನ್ನೂ ಸುಮ್ಮನೆ ಕೊಟ್ಟುಬಿಟ್ಟೆ. ಸಾಲದ್ದಕ್ಕೆ ಕಾಯಿಲ್ ಸ್ಪ್ರಿಂಗಿನ ಸೂತ್ರದಲ್ಲಿ ಸುತ್ತುಗಳ ಸಂಖ್ಯೆ ಛೇದದಲ್ಲಿ ಕೂತಿದೆ. ಕೆಲಸ ಮಾಡುವ 6 ಸುತ್ತು 5 ಆದರೆ ಸ್ಪ್ರಿಂಗ್ ಶೇ. 20ರಷ್ಟು ಗಡುಸಾಗುತ್ತೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಸ್ಪ್ರಿಂಗಿಗೆ ಹೊಂದಿಸಿದ್ದು. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರೋದಿಲ್ಲ, ಚಕ್ರ ಪೂರ್ತಿ ಜೋತಾಡಿದಾಗ ಸಡಿಲವೂ ಆಗಬಹುದು. ಇದನ್ನೆಲ್ಲ ಮಷೀನ್ ಡಿಸೈನ್ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ಅದು ಬೇರೆ ಮಾತು.

ಗ್ಯಾಪ್ ಬಿಟ್ಟಿರೋದು ಕಂಪನಿಯವರ ಅರಸಿಕತನ ಅಂತ ನಾವು ಬೈತೀವಿ. ಗುಂಡಿಗೆ ಬಿದ್ದ ಚಕ್ರ ಮೇಲೆದ್ದು ಬರೋ ಜಾಗ ಅದು. ಲೆಕ್ಕ ಹಾಕೋಣ. ಖಾಲಿ ಕಾರಿನ ಕ್ಲಿಯರೆನ್ಸ್ 165 ಮಿ.ಮೀ. ಅನ್ನಿ. ಐದು ಜನ ಅಂದರೆ ಸುಮಾರು 320 ಕೆ.ಜಿ., ಚಕ್ರಕ್ಕೆ 80. ವೀಲ್ ರೇಟ್ ಮಿಲಿಮೀಟರಿಗೆ 25 ನ್ಯೂಟನ್ ಅಂದುಕೊಂಡರೆ ಕಾರು 31 ಮಿ.ಮೀ. ಕೂರುತ್ತೆ. ಉಳಿದಿದ್ದು 134. ನಾನು ಇಳಿಸಿದ್ದು 35. ಅಲ್ಲಿಗೆ ಹೆಚ್ಚೂಕಮ್ಮಿ 100.

ಈಗ ಹಂಪಿಗೆ ಬನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡನೆಯ ಹಂಪಿಗೆ ತ್ರಿಜ್ಯ 17 ಮೀಟರ್, ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಎರಡು ಚಕ್ರಗಳ ನಡುವೆ 2.45 ಮೀಟರ್ ಇರುವ ಕಾರು ಅದರ ನೆತ್ತಿಯ ಮೇಲೆ ನಿಂತಾಗ ನಡುವಿನಲ್ಲಿ ನೆಲ ಉಬ್ಬೋದು ಬರೀ 44 ಮಿ.ಮೀ. ನನ್ನ ಕತ್ತರಿಸಿದ ಕಾರೂ ಆರಾಮಾಗಿ ದಾಟ್ತಿತ್ತು! ಆದರೆ ಆ ಊರಾಚೆಯ ಹಂಪನ್ನು ಆಮೇಲೆ ಹೋಗಿ ಅಳೆದೆ: ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಎತ್ತರ 12 ಸೆಂ.ಮೀ. ಹಿಂದಿನ ಮುಂದಿನ ಚಕ್ರ ಎರಡೂ ಸಮ ನೆಲದಲ್ಲಿರ್ತವೆ, ಪೂರ್ತಿ ಹಂಪು ಹೊಟ್ಟೆ ಕೆಳಗೆ. 134 ಇದ್ದಿದ್ದರೆ ದಾಟ್ತಿತ್ತು, 100 ದಾಟಲಿಲ್ಲ.

ಹಾಗಾದರೆ ಗ್ಯಾಪ್ ನೋಡ್ಕೊಂಡು ಸುಮ್ಮನಿರಬೇಕಾ? ಬೇಡ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವ ದಾರಿ ಟೈರಿನಲ್ಲಿದೆ. 185/65 ಆರ್15 ಟೈರಿನ ವ್ಯಾಸ 621.5 ಮಿ.ಮೀ., 195/65 ಆರ್15 ಹಾಕಿದರೆ 634.5. ಗ್ಯಾಪ್ 6.5 ಕಮ್ಮಿ, ಕ್ಲಿಯರೆನ್ಸ್ 6.5 ಜಾಸ್ತಿ. ಸ್ಪೀಡೋಮೀಟರ್ ಶೇ. 2ರಷ್ಟು ಕಮ್ಮಿ ತೋರಿಸುತ್ತೆ, ನೆನಪಿರಲಿ. ಲೋಡ್ ಇಂಡೆಕ್ಸ್ ಇಳಿಯಬಾರದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ತಾಗಬಾರದು. ಆರೂವರೆ ಮಿಲಿಮೀಟರ್ ಕಣ್ಣಿಗೆ ಅಷ್ಟೇನೂ ಕಾಣಲ್ಲ, ನಿಜ. ಆದರೆ ಗ್ಯಾಪ್ ದೊಡ್ಡದಾಗಿ ಕಾಣೋದಕ್ಕೆ ಅರ್ಧ ಕಾರಣ ಟೈರು ಒಳಗೆ ಅಡಗಿರೋದು. ಟೈರ್ ಅಗಲವಾದಷ್ಟೂ ಆ ಕತ್ತಲು ತುಂಬುತ್ತೆ. ಇಷ್ಟು ಸಾಲದು, ಇನ್ನೂ ಬೇಕೇ ಬೇಕು ಅನ್ನೋರು ಆ ಕಾರಿಗೇ ಅಂತ ಮಾಡಿದ 15 ಮಿ.ಮೀ. ಇಳಿಸುವ ಸ್ಪ್ರಿಂಗ್ ಜತೆಗೆ ಹಾಕಿಸಲಿ. ಆಗ ಗ್ಯಾಪ್ 21.5 ಇಳಿಯುತ್ತೆ, ಅಂದರೆ ಒಂದು ಬೆರಳಿಗೂ ಜಾಸ್ತಿ. ಕ್ಲಿಯರೆನ್ಸ್ ಹೋಗೋದು ಬರೀ 8.5. ಐದು ಜನ ಕೂತರೂ ಆ ಹಂಪು ಕೂದಲೆಳೆಯಲ್ಲಿ ದಾಟುತ್ತೆ. ಇದಕ್ಕಿಂತ ಕೆಳಗೆ ಹೋಗೋದನ್ನು ನಾನು ಒಪ್ಪಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕೂಡ ಕಂಪನಿಯ ಮೂಲ ವಿವರಕ್ಕಿಂತ ಗಾಡಿ ಬೇರೆಯಾಗುವ ಹಾಗೆ ಬದಲಾಯಿಸೋದನ್ನು ತಡೆಯುತ್ತೆ. ಏನೇ ಮಾಡಿಸೋ ಮುಂಚೆ ಅದನ್ನೊಮ್ಮೆ ಓದಿ.

ಅಳತೆಯನ್ನು ಮಾತ್ರ ಖಾಲಿ ಕಾರಿಗೆ ಬೆರಳು ಹಾಕಿ ಮಾಡಬೇಡಿ. ನಾಲ್ಕು ಜನ ಫ್ರೆಂಡ್ಸನ್ನ ಕೂರಿಸಿ, ಡಿಕ್ಕಿಯಲ್ಲಿ ಹಾಸ್ಟೆಲ್ ಲಗೇಜ್ ಇಟ್ಟು, ಟೇಪ್ ಹಿಡೀರಿ. ಅಪ್ಪನ ಕಾರಿಗೆ ಈಗ ಹೊಸ ಸಂಪು, ಕಂಪನಿ ಸ್ಪ್ರಿಂಗು, 195ರ ಟೈರು. ಅಜ್ಜಿ ಇನ್ನೂ ಮುಂದಿನ ಸೀಟೇ ಬೇಕು ಅಂತಾರೆ.

ಇನ್ನೊಂದು ವಿಷಯ. ನಾವು ಮೆಕ್ಯಾನಿಕಲ್‌ನವರು ಬಾಡಿ ಎತ್ತರದ ಬಗ್ಗೆಯೇ ಜಗಳ ಆಡ್ತೀವಿ, ಹಂಪಿನ ಎತ್ತರದ ಬಗ್ಗೆ ಯಾರೂ ಕೇಳಲ್ಲ. ನಮ್ಮ ಗೇಟಿನ ಮುಂದಿನ ಹಂಪು ಸರಿಯಾಗಿದೆಯಾ ಅಂತ ನೋಡಬೇಕು. ಶನಿವಾರ ಸಿವಿಲ್‌ನವರು ಯಾರಾದರೂ ಲೆವೆಲ್ ತಗೊಂಡು ಬಂದರೆ, ಟೇಪ್ ನಾನು ತರ್ತೀನಿ.